‘ಸಾಹೇಬರಿಗೆ ಮುಟ್ಟಿಸಬೇಕಂತೆ ಮೇಡಂ’

(ಗುರುತು ಸಿಗದ ಹಾಗೆ ಹೆಸರು, ಕೆಲಸ ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮಂಜುನಾಥ್ ಅವರಿಗೆ 38 ವರ್ಷ. ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಹೆಂಡತಿ ತವರಿಗೆ ಹೋಗಿ ಎರಡು ವರ್ಷವಾಗಿದೆ. ಏಳು ವರ್ಷದ ಮಗಳು ಅಮ್ಮನ ಜೊತೆ ಇದ್ದಾಳೆ. ಕುಟುಂಬ ನ್ಯಾಯಾಲಯದಲ್ಲಿ ಕೇಸು ನಡೆಯುತ್ತಿದೆ. ಮಗಳ ಮುಖ ನೋಡಿ ಹನ್ನೊಂದು ತಿಂಗಳಾಯಿತು ಎಂದರು. ನನ್ನ ಹತ್ತಿರ ಬಂದದ್ದು ನಿದ್ದೆ ಬರಲ್ಲ ಅಂತ. ದುಡ್ಡಿನ ವಿಷಯ ಹೊರಬಂದದ್ದು ಎದ್ದು ಹೋಗುವ ಹೊತ್ತಿಗೆ.

ಅವರ ವಕೀಲರ ಗುಮಾಸ್ತ ಹೇಳಿದ್ದನಂತೆ: “ಫೈಲು ಸಾಹೇಬರ ಟೇಬಲ್ ಮೇಲೇ ಇದೆ. ಎರಡು ಲಕ್ಷ ಮುಟ್ಟಿಸಿದ್ರೆ ಮುಂದಿನ ಡೇಟಿಗೇ ಮಗು ಭೇಟಿಗೆ ಆರ್ಡರ್ ಆಗುತ್ತೆ. ಇಲ್ಲಾಂದ್ರೆ ಆ ಕಡೆಯವರು ಕೊಡ್ತಾರೆ.” ಮಂಜುನಾಥ್ ತಾಯಿಯ ಸರ ಅಡವಿಟ್ಟು 50 ಸಾವಿರ ಕೊಟ್ಟಿದ್ದರು. ಕೊಟ್ಟು ನಾಲ್ಕು ದಿನವಾಗಿತ್ತು. ಉಳಿದದ್ದಕ್ಕೆ ಬೈಕ್ ಮಾರುವ ಯೋಚನೆಯಲ್ಲಿದ್ದರು.

“ಕೊಡದಿದ್ರೆ ನಂದೂ ಆ ಬೆಂಗಳೂರಿನ ಹುಡುಗನ ಕಥೆನೇ ಮೇಡಂ” ಎಂದರು. ಡಿಸೆಂಬರ್ 2024ರಲ್ಲಿ ಬೆಂಗಳೂರಿನಲ್ಲಿ ಜೀವ ಕಳೆದುಕೊಂಡ ಟೆಕ್ಕಿ, ಉತ್ತರ ಪ್ರದೇಶದ ಕುಟುಂಬ ನ್ಯಾಯಾಲಯವೊಂದರಲ್ಲಿ ತನ್ನಿಂದ ಲಂಚ ಕೇಳಿದರು ಎಂದು ಆರೋಪಿಸಿದ್ದರು. ಆ ಸುದ್ದಿ ಬಂದ ಮೇಲೆ ಈ ಮಾತನ್ನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಇಂಥ ಮಾತನ್ನು ಸುಮ್ನೆ ದಾಟಿ ಹೋಗುವಂತಿಲ್ಲ. “ಸಾಯಬೇಕು ಅನ್ನಿಸಿದೆಯಾ?” ಎಂದು ನೇರವಾಗಿ ಕೇಳಿದೆ. ಒಂದೆರಡು ರಾತ್ರಿ ಅನ್ನಿಸಿದೆ, ಹೇಗೆ ಏನು ಅಂತ ಯೋಚಿಸಿಲ್ಲ ಎಂದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿದೆ, ಅದರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಕೆಲವು ವಾರ ಅಣ್ಣನ ಮನೆಯಲ್ಲಿ ಮಲಗುವುದೆಂದು ಒಪ್ಪಿಕೊಂಡರು. ಆಮೇಲೆ ಕೇಸಿನ ಮಾತು.

“ಹಾಗೆಲ್ಲ ಇರಲ್ಲ ಬಿಡಿ” ಎನ್ನುವುದು ಸುಳ್ಳು, ಲಂಚ ಇದೆ. “ಎಲ್ಲಾ ಕಡೆ ಇದೇ ಕಥೆ” ಎಂದರೆ ಅವರು ಅಲ್ಲಿಂದ ನೇರವಾಗಿ ಬೈಕ್ ಮಾರಲು ಹೋಗುತ್ತಾರೆ. ಅದಕ್ಕೆ ಒಂದೇ ಪ್ರಶ್ನೆ ಕೇಳಿದೆ: ನಿಮಗೆ ಗೊತ್ತಿರುವುದೇನು, ಯಾರೋ ಹೇಳಿದ್ದೇನು? ಹಾಳೆಯ ಮೇಲೆ ಬರೆದು ನೋಡಿದರೆ, ನ್ಯಾಯಾಧೀಶರ ಬಗ್ಗೆ ಅವರಿಗೆ ಗೊತ್ತಿದ್ದದ್ದು ಏನೂ ಇರಲಿಲ್ಲ. ಎಲ್ಲವೂ ಗುಮಾಸ್ತನ ಬಾಯಿಂದ ಬಂದದ್ದೇ.

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿದರೆ ಪ್ರತಿ ಡೇಟಿನಲ್ಲಿ ಏನಾಯಿತೆಂಬುದು ಕಾಣುತ್ತದೆ. ಅವರು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಆರ್ಡರ್ ಶೀಟಿನ ನಕಲು ತೆಗೆಸಲು ಹೇಳಿದೆ. ಅದರಲ್ಲಿ ಏನಿತ್ತು ಗೊತ್ತಾ? ಮೂರು ಸಲ ನಮ್ಮ ಕಡೆ ವಕೀಲರೇ ಗೈರು. ಎರಡು ಸಲ ನ್ಯಾಯಾಧೀಶರ ರಜೆ. ಮಗುವಿನ ಭೇಟಿಗೆ ಬೇಕಾದ ಮಧ್ಯಂತರ ಅರ್ಜಿಯನ್ನಂತೂ (ಕೇಸು ಮುಗಿಯುವ ಮೊದಲೇ ತಾತ್ಕಾಲಿಕ ಆದೇಶ ಕೇಳುವ ಅರ್ಜಿ) ಯಾರೂ ಹಾಕಿಯೇ ಇರಲಿಲ್ಲ. ಅರ್ಜಿಯೇ ಇಲ್ಲದೆ ಸಾಹೇಬರ ಟೇಬಲ್ ಮೇಲೆ ಇದ್ದದ್ದು ಏನು?

ನಡುವಿನವರ ವ್ಯಾಪಾರ ನಡೆಯುವುದೇ ಹೀಗೆ. ಕೆಲವರು ಎರಡೂ ಕಡೆಯಿಂದ ಎತ್ತುತ್ತಾರೆ. ಗೆದ್ದವನು ದುಡ್ಡಿನಿಂದ ಗೆದ್ದೆ ಅಂದುಕೊಳ್ಳುತ್ತಾನೆ. ಸೋತವನಿಗೆ “ಅವರು ಜಾಸ್ತಿ ಕೊಟ್ರು” ಎಂದು ಹೇಳಿ ಅರ್ಧ ವಾಪಸ್ ಕೊಟ್ಟರೆ ದಲ್ಲಾಳಿ ಪ್ರಾಮಾಣಿಕ ಅನ್ನಿಸಿಕೊಳ್ಳುತ್ತಾನೆ. ಹುಟ್ಟುವುದು ಗಂಡೋ ಹೆಣ್ಣೋ ಅಂತ ಶಾಸ್ತ್ರ ಹೇಳುವವನ ಹಾಗೆ, ಅವನ ಮಾತು ಅರ್ಧ ಸಲ ನಿಜವಾಗಲೇಬೇಕು. ನ್ಯಾಯಾಧೀಶರಿಗೆ ತಮ್ಮ ಹೆಸರಿನಲ್ಲಿ ವಸೂಲಿ ನಡೆದದ್ದೇ ಗೊತ್ತಿರದಿರಬಹುದು. ಗೊತ್ತಿರಲೂಬಹುದು. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಎರಡೂ ಒಂದೇ ತರಹ ಕಾಣುತ್ತದೆ.

1984ರ ಕುಟುಂಬ ನ್ಯಾಯಾಲಯ ಕಾಯ್ದೆ ಮಾಡಿದಾಗ ಇಲ್ಲಿ ಗಂಡ ಹೆಂಡತಿಯೇ ಮಾತಾಡಲಿ ಎಂಬ ಯೋಚನೆ ಇತ್ತು. ಅದರ 13ನೇ ಸೆಕ್ಷನ್ ಪ್ರಕಾರ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ಆದರೆ ನನ್ನ ಹತ್ತಿರ ಬರುವ ಹೆಚ್ಚಿನವರು ಹೆಸರು ಕೂಗಿದಾಗ ಕೈಕಟ್ಟಿ ನಿಂತು ಬರುತ್ತಾರೆ, ಅಷ್ಟೇ. ನ್ಯಾಯಾಧೀಶರ ಜೊತೆ ಒಂದು ಮಾತೂ ಇಲ್ಲ. ದಲ್ಲಾಳಿಗೆ ಅಷ್ಟು ಜಾಗ ಸಾಕು.

ಆಮೇಲೆ ನಾನು ಹೇಳಿದ್ದು ಇಷ್ಟು. ಉಳಿದ ದುಡ್ಡು ಕೊಡಬೇಡಿ. ಗುಮಾಸ್ತನ ಜೊತೆ ಜಗಳವೂ ಬೇಡ, ಅವನು ಹುಷಾರಾಗುತ್ತಾನೆ. ಯಾವ ದಿನ, ಎಲ್ಲಿ, ಯಾವ ಮಾತಿನಲ್ಲಿ ಕೇಳಿದ ಎಂದು ಇವತ್ತೇ ಬರೆದಿಡಿ. ವಾಟ್ಸಾಪ್ ಮೆಸೇಜ್ ಅಳಿಸಬೇಡಿ. ಮತ್ತೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ: ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಯೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು, ಆಗ ರಕ್ಷಣೆ ಇದೆ. ಮೊದಲೇ ತಿಳಿಸಿ, ಅವರ ತನಿಖೆಗೆ ನೆರವಾಗಲು ದುಡ್ಡು ಕೊಟ್ಟವರಿಗೂ ಇದೆ. ಸರ್ಕಾರಿ ನೌಕರರ ಮೇಲೆ ಪ್ರಭಾವ ಬೀರುತ್ತೇನೆ ಎಂದು ದುಡ್ಡು ತೆಗೆದುಕೊಳ್ಳುವ ದಲ್ಲಾಳಿಗೆ ಅದೇ ಕಾಯ್ದೆಯ 7ಎ ಸೆಕ್ಷನ್ ಇದೆ. ಮಂಜುನಾಥ್‌ಗೆ ಉಳಿದದ್ದು ಮೂರು ದಿನ. ಅವರದ್ದು ‘ಬಲವಂತ’ ಆಗುತ್ತದೋ ಇಲ್ಲವೋ ಎಂಬುದು ವಕೀಲರು ಹೇಳಬೇಕಾದ ಮಾತು. ಹಾಗಾಗಿ ಮರುದಿನವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. (ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಗಂಡಸರಲ್ಲಿ ಹಲವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100.)

“ದೂರು ಕೊಟ್ರೆ ಸಾಹೇಬರು ಸಿಟ್ಟಾಗಲ್ವಾ?” ಎಂಬ ಭಯ ಅವರಿಗೆ. ಗುಮಾಸ್ತನ ಮೇಲಿನ ದೂರು ನ್ಯಾಯಾಧೀಶರ ಮೇಲಿನ ದೂರಲ್ಲ, ಎರಡನ್ನೂ ಕಲಸಬೇಡಿ ಎಂದೆ. ಲಂಚದ ದೂರಿಗೆ ಲೋಕಾಯುಕ್ತ ಪೊಲೀಸರಿದ್ದಾರೆ. 2022ರಲ್ಲಿ ಹೈಕೋರ್ಟು ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಆ ಕೆಲಸ ಅವರಿಗೇ ಮರಳಿದೆ. ವಕೀಲರ ನಡತೆಯ ಬಗ್ಗೆ ರಾಜ್ಯ ವಕೀಲರ ಪರಿಷತ್ತಿಗೆ ಬರೆಯಬೇಕು. ನ್ಯಾಯಾಧೀಶರ ಮೇಲೇ ಆಧಾರ ಇದ್ದರೆ ಹೈಕೋರ್ಟಿನ ವಿಜಿಲೆನ್ಸ್ ರಿಜಿಸ್ಟ್ರಾರ್‌ಗೆ, ಪ್ರಮಾಣಪತ್ರದ (ಅಫಿಡವಿಟ್) ಜೊತೆ. “ಎಲ್ರೂ ಹೇಳ್ತಾರೆ” ಎಂಬುದು ಅಲ್ಲಿ ನಡೆಯಲ್ಲ. ಮಂಜುನಾಥ್ ಹತ್ತಿರ ಅಂಥ ಆಧಾರ ಇರಲಿಲ್ಲ. ಹಾಗಾಗಿ ಆ ದಾರಿ ಹಿಡಿಯಲಿಲ್ಲ.

ಆರನೇ ದಿನ ದೂರು ಕೊಟ್ಟರು. ಅದು ಇನ್ನೂ ವಿಚಾರಣೆಯಲ್ಲಿದೆ. 50 ಸಾವಿರ ವಾಪಸ್ ಬಂದಿಲ್ಲ, ಸರವೂ ಬಿಡಿಸಿಕೊಂಡಿಲ್ಲ. ಹಳೇ ವಕೀಲರಿಂದ ಎನ್‌ಒಸಿ (ಬೇರೆ ವಕೀಲರನ್ನು ಇಟ್ಟುಕೊಳ್ಳಲು ಆಕ್ಷೇಪ ಇಲ್ಲ ಎಂಬ ಪತ್ರ) ತೆಗೆದುಕೊಳ್ಳುವುದೇ ಒಂದು ಸರ್ಕಸ್ ಆಯಿತು. ಹೊಸ ವಕೀಲರು ಮಧ್ಯಂತರ ಅರ್ಜಿ ಹಾಕಿದರು. ವಿಚಾರಣೆಯ ದಿನ ಮಂಜುನಾಥ್ ಅನುಮತಿ ಕೇಳಿ ತಾವೇ ನಾಲ್ಕು ಮಾತಾಡಿದರು. ಆ ಕಡೆಯವರು ತಕರಾರು ಹಾಕಿದರು. ಕೊನೆಗೆ ತಿಂಗಳಿಗೆ ಎರಡು ಶನಿವಾರ, ಕೋರ್ಟಿನ ಆವರಣದಲ್ಲೇ, ಎರಡು ಗಂಟೆ ಭೇಟಿ ಎಂದು ಆದೇಶವಾಯಿತು. ಅವರು ಕೇಳಿದ್ದಕ್ಕಿಂತ ಇದು ಕಡಿಮೆಯೇ.

ಮೊದಲ ಶನಿವಾರ ಮಗಳು ಅಜ್ಜಿಯ ಸೆರಗು ಬಿಡಲಿಲ್ಲ. ಸೋಮವಾರ ನನ್ನ ಹತ್ತಿರ ಬಂದವರ ಸಮಸ್ಯೆ ಕೋರ್ಟಿನದ್ದಾಗಿರಲಿಲ್ಲ. “ಏನು ಮಾತಾಡಲಿ ಮೇಡಂ?” ಎಂದರು. ಅಮ್ಮನ ಬಗ್ಗೆ, ಮನೆಯ ಬಗ್ಗೆ ಏನೂ ಕೇಳಬೇಡಿ, ಎತ್ತಿಕೊಳ್ಳಲು ಅವಸರ ಮಾಡಬೇಡಿ ಎಂದೆ. ದುಬಾರಿ ಗೊಂಬೆ ಬೇಡ. ಬಣ್ಣದ ಪೆನ್ಸಿಲ್, ಒಂದು ಪುಸ್ತಕ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ನೀವೇ ಚಿತ್ರ ಬರೆಯಲು ಶುರು ಮಾಡಿ. ಅವಳು ಬರದಿದ್ದರೆ ಆ ದಿನ ಅಷ್ಟೇ, ಮುಂದಿನ ಶನಿವಾರ ಅದೇ ಪುಸ್ತಕ ತೆಗೆದುಕೊಂಡು ಹೋಗಿ.