ಎರಡು ತಿಂಗಳ ಸುಲ್ಕಾಟಾ ಆಮೆ ಮರಿಗೆ ಸರಿಯಾದ ಮನೆ ಮಾಡಿಕೊಡುವುದು ಹೇಗೆ?

ಮೊದಲು ಆ ಮರಳನ್ನು ಇವತ್ತೇ ತೆಗೆದುಬಿಡಿ. ಉಳಿದ ಕೆಲಸಕ್ಕೆ ಒಂದೆರಡು ದಿನ ಹಿಡಿದರೂ ಪರವಾಗಿಲ್ಲ.

ನೀವು ಬರೆದಿರುವುದು ಇಷ್ಟು: ಎರಡು ತಿಂಗಳ ಸುಲ್ಕಾಟಾ ಮರಿ, 45 ಗ್ರಾಂ ತೂಕ. ಮೊದಲು ಮೀನು ಸಾಕಿದ್ದ ಎರಡಡಿ ಗಾಜಿನ ತೊಟ್ಟಿಯಲ್ಲಿ ಒಣ ಮರಳು ಹರಡಿ, ಮೇಲೊಂದು ಸಾಮಾನ್ಯ ಬಲ್ಬು ತೂಗುಹಾಕಿದ್ದೀರಿ. ಮರಿ ಹಗಲೆಲ್ಲ ಗಾಜಿನ ಮೂಲೆಯನ್ನು ಕೆರೆಯುತ್ತಿದೆ, ತಿನ್ನುವುದು ಕಡಿಮೆಯಾಗಿದೆ. ‘ಇದು ಮರುಭೂಮಿಯ ಪ್ರಾಣಿ, ನೀರು ತಾಗಿಸಬೇಡಿ’ ಎಂದು ಕೊಟ್ಟವರು ಹೇಳಿದ್ದಾರೆ.

ನನಗೂ ಇದೇ ಮಾತು ಹೇಳಿ ಮರಿಯನ್ನು ಕೈಗಿಟ್ಟಿದ್ದರು. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಒಣ ಮರಳು, ಬಿಸಿ ಬಲ್ಬು, ವಾರಕ್ಕೊಮ್ಮೆ ನೀರು. ವರ್ಷ ತುಂಬುವಷ್ಟರಲ್ಲಿ ಅದರ ಬೆನ್ನಿನ ಒಂದೊಂದು ಬಿಲ್ಲೆಯೂ ಪುಟ್ಟ ಗುಡ್ಡವಾಗಿ ಎದ್ದಿತ್ತು. ಇದಕ್ಕೆ ಪಿರಮಿಡಿಂಗ್ ಎನ್ನುತ್ತಾರೆ. ಆ ಆಮೆಗೆ ಈಗ 11 ವರ್ಷ. ಗುಡ್ಡಗಳು ಹಾಗೇ ಇವೆ, ಒಮ್ಮೆ ಎದ್ದ ಚಿಪ್ಪು ಮತ್ತೆ ತಗ್ಗುವುದಿಲ್ಲ. ಐದು ವರ್ಷದ ಹಿಂದೆ ಬಂದ ಇನ್ನೊಂದು ಮರಿಯನ್ನು ತೇವದಲ್ಲೇ ಬೆಳೆಸಿದೆ. ಅದರ ಬೆನ್ನು ಹೊಳೆಯಲ್ಲಿ ಉರುಳಿ ಬಂದ ಕಲ್ಲಿನ ಹಾಗೆ ನುಣುಪು. ಎರಡರ ಬೆನ್ನ ಮೇಲೂ ಕೈಯಾಡಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಮರಿಗಿನ್ನೂ ಎರಡೇ ತಿಂಗಳು, ಎಲ್ಲವನ್ನೂ ಸರಿಮಾಡಲು ಕಾಲ ಮೀರಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸುಲ್ಕಾಟಾ ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಪಟ್ಟಿಯದು, ನಿಜ. ಆದರೆ ಅದು ಬಿಸಿಲಲ್ಲಿ ಬಿದ್ದುಕೊಂಡಿರುವ ಪ್ರಾಣಿಯಲ್ಲ. ದೊಡ್ಡ ಆಮೆಗಳು ಹಲವು ಮೀಟರ್ ಉದ್ದದ ಬಿಲ ತೋಡಿಕೊಂಡು ದಿನದ ಬಹುಪಾಲು ಒಳಗೇ ಕಳೆಯುತ್ತವೆ. ಮೇಲೆ ನೆಲ ಕಾದು ಬಿರಿಯುತ್ತಿದ್ದರೂ ಬಿಲದ ಒಳಗಿನ ಮಣ್ಣಿನಲ್ಲಿ ತಂಪಿದೆ, ತೇವವಿದೆ. ಮರಿಗಳು ಮೊಟ್ಟೆಯೊಡೆದು ಬರುವುದು ಹೆಚ್ಚುಕಡಿಮೆ ಮಳೆಗಾಲದ ಹೊತ್ತಿಗೆ. ಹುಲ್ಲಿನ ಬುಡದಲ್ಲಿ, ತರಗೆಲೆಯ ಕೆಳಗೆ, ಹಸಿ ಮಣ್ಣಿನಲ್ಲಿ ಹುದುಗಿಕೊಂಡೇ ಅವು ದೊಡ್ಡದಾಗುತ್ತವೆ. ಬಯಲಲ್ಲಿ ಓಡಾಡಿದ ಮರಿ ಹಕ್ಕಿಯ ಬಾಯಿಗೆ ಬೀಳುತ್ತದೆ. ಹಾಗಾಗಿ ನೀವು ಕಟ್ಟಿಕೊಡಬೇಕಾದದ್ದು ಬೆಚ್ಚಗಿನ, ಹಸಿಯಾದ, ಅರೆಗತ್ತಲೆಯ ಒಂದು ಬಿಲ. ಅದರ ಒಂದು ತುದಿಗೆ ಬಿಸಿಲು ಬಿದ್ದಿರಬೇಕು, ಅಷ್ಟೆ.

ಈ ಮಾತಿಗೆ ನನ್ನ ಅನುಭವ ಮಾತ್ರ ಆಧಾರವಲ್ಲ. ಆಗತಾನೆ ಹುಟ್ಟಿದ 50 ಸುಲ್ಕಾಟಾ ಮರಿಗಳನ್ನು ಬೇರೆ ಬೇರೆ ಮಟ್ಟದ ತೇವದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಐದು ತಿಂಗಳು ಬೆಳೆಸಿ ನೋಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಒಣ ಗಾಳಿಯಲ್ಲಿ ಬೆಳೆದವುಗಳ ಬೆನ್ನು ಗುಡ್ಡೆಗಟ್ಟಿತು, ಹೆಚ್ಚು ತೇವದಲ್ಲಿದ್ದವುಗಳದು ಬಹಳ ಮಟ್ಟಿಗೆ ಸಮವಾಗಿ ಬೆಳೆಯಿತು. ಅಲ್ಲಿಯವರೆಗೆ ಎಲ್ಲರೂ ದೂರುತ್ತಿದ್ದ ಪ್ರೋಟೀನ್ ಮಾತ್ರ ಅಷ್ಟೇನೂ ವ್ಯತ್ಯಾಸ ಮಾಡಲಿಲ್ಲ.

ಈಗ ಪೆಟ್ಟಿಗೆಯ ವಿಷಯ. ನಾಲ್ಕಡಿ ಉದ್ದ, ಎರಡಡಿ ಅಗಲ, ಅಂದರೆ ಸುಮಾರು 120 ಸೆಂ.ಮೀ.ಗೆ 60 ಸೆಂ.ಮೀ. ಇದ್ದರೆ ಸುಮಾರು ಮೊದಲ ವರ್ಷಕ್ಕೆ ಆದೀತು. ಪಕ್ಕಗಳ ಆಚೆ ಕಾಣಬಾರದು, ಮೇಲೆ ಮುಚ್ಚಳ ಬೇಕು. ಗಾಜು ಎಂಬುದು ಆಮೆಗೆ ಅರ್ಥವಾಗುವುದಿಲ್ಲ. ಆಚೆ ಕಾಣುವ ಜಾಗಕ್ಕೆ ಹೋಗಲು ಅದು ದಿನವಿಡೀ ಪ್ರಯತ್ನಿಸುತ್ತದೆ. ನೀವು ನೋಡುತ್ತಿರುವ ಮೂಲೆ ಕೆರೆತ ಬಹುಮಟ್ಟಿಗೆ ಅದೇ. ಹೊಸ ಪೆಟ್ಟಿಗೆ ಸಿದ್ಧವಾಗುವವರೆಗೆ ಈಗಿನ ತೊಟ್ಟಿಯ ಹೊರಮೈಗೆ ಕೆಳಗಿನಿಂದ ಒಂದು ಗೇಣಿನಷ್ಟು ಕಂದು ಕಾಗದ ಅಂಟಿಸಿ. ಒಂದೇ ದಿನದಲ್ಲಿ ಬದಲಾವಣೆ ಕಾಣಬಹುದು.

ಮುಚ್ಚಳವೇಕೆ ಅಂದರೆ, ಮೇಲೆ ತೆರೆದಿದ್ದರೆ ಬಲ್ಬಿನ ಬಿಸಿ ಗಾಳಿಯೊಂದಿಗೆ ತೇವವೆಲ್ಲ ಹಾರಿಹೋಗುತ್ತದೆ. ನೀವು ದಿನಕ್ಕೆ ಹತ್ತು ಸಲ ನೀರು ಚಿಮುಕಿಸಿದರೂ ಅರ್ಧ ಗಂಟೆಯಲ್ಲಿ ಮತ್ತೆ ಒಣ. ಮುಚ್ಚಿದ ಪೆಟ್ಟಿಗೆಯಲ್ಲಿ ತೇವ ಶೇ. 80ರ ಆಸುಪಾಸು ತಾನಾಗಿಯೇ ನಿಲ್ಲುತ್ತದೆ. ಗಾಳಿಯಾಡಲು ಒಂದೆರಡು ಸಣ್ಣ ಕಿಂಡಿ ಬಿಟ್ಟರೆ ಸಾಕು.

ಕೆಳಗೆ ಹಾಸಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಆರ್ಕಿಡ್ ಗಿಡಗಳಿಗೆ ಬಳಸುವ ಮರದ ತೊಗಟೆಯ ಚೂರು ಒಳ್ಳೆಯದು. ಗೊಬ್ಬರ, ಕೀಟನಾಶಕ ಬೆರೆಯದ ತೋಟದ ಮಣ್ಣನ್ನೂ ಸೇರಿಸಬಹುದು. ನಾಲ್ಕು ಬೆರಳಿನಷ್ಟಾದರೂ ದಪ್ಪ ಇರಲಿ, ಮರಿ ಅದರೊಳಗೆ ಪೂರ್ತಿ ಹೂತುಕೊಳ್ಳುವಂತಿರಬೇಕು. ನೀರನ್ನು ಮೇಲಿನಿಂದ ಚಿಮುಕಿಸುವ ಬದಲು ನಾಲ್ಕು ಮೂಲೆಗಳಲ್ಲಿ ಸುರಿಯಿರಿ. ಅದು ಅಡಿಗಿಳಿದು ಕೆಳಪದರ ಒದ್ದೆಯಾಗಿರುತ್ತದೆ, ಮೇಲ್ಪದರ ಹಿಂಡಿ ಕೊಡವಿದ ಬಟ್ಟೆಯಷ್ಟು ಮಾತ್ರ ಹಸಿ. ಮೇಲೂ ರಾಡಿಯಾದರೆ ಹೊಟ್ಟೆಯ ಕಡೆಯ ಚಿಪ್ಪು ಕೊಳೆಯತೊಡಗುತ್ತದೆ. ಮರಳನ್ನು ಯಾಕೆ ಬೇಡ ಎಂದೆ ಅಂದರೆ, ಮರಿ ಸೊಪ್ಪಿನ ಜೊತೆ ಅದನ್ನೂ ನುಂಗುತ್ತದೆ, ಕರುಳಿನಲ್ಲಿ ಕಟ್ಟಿಕೊಂಡು ಪ್ರಾಣಕ್ಕೇ ಬರಬಹುದು. ದೇವದಾರು, ಪೈನ್ ಮರದ ಹೊಟ್ಟೂ ಬೇಡ, ಅದರ ಘಾಟು ಉಸಿರಾಟಕ್ಕೆ ಕೆಟ್ಟದ್ದು.

ಬಿಸಿಯ ಲೆಕ್ಕ ತಪ್ಪಬಾರದು. ಬಲ್ಬಿನ ಕೆಳಗೆ 35ರಿಂದ 37 ಡಿಗ್ರಿ ಸೆಲ್ಸಿಯಸ್, ಉಳಿದ ಕಡೆ 27ರಿಂದ 30, ರಾತ್ರಿಯ ಹೊತ್ತೂ 27ಕ್ಕಿಂತ ಕೆಳಗಿಳಿಯಬಾರದು. ತೇವ ಮತ್ತು ಬಿಸಿ ಜೊತೆಯಲ್ಲಿದ್ದರೆ ಮರಿ ಚೆನ್ನಾಗಿರುತ್ತದೆ. ತೇವ ಇದ್ದು ಚಳಿಯಾದರೆ ಮೂಗಿನಲ್ಲಿ ನೀರು, ಆಮೇಲೆ ನ್ಯುಮೋನಿಯಾ. ‘ನೀರು ತಾಗಿಸಬೇಡಿ’ ಎನ್ನುವ ಮಾತು ಹುಟ್ಟಿರುವುದೇ ಇಂಥ ಚಳಿಯ ಪೆಟ್ಟಿಗೆಗಳಿಂದ ಎಂಬುದು ನನ್ನ ನಂಬಿಕೆ. ರಾತ್ರಿಗೆ ಬೆಳಕು ಕೊಡದ ಸಿರಾಮಿಕ್ ಹೀಟರನ್ನು, ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಥರ್ಮೋಸ್ಟಾಟ್‌ಗೆ ಜೋಡಿಸಿ ಹಾಕಿ. ಕೆಂಪು, ನೀಲಿ ಬಲ್ಬು ಬೇಡ, ಅದಕ್ಕೂ ಕತ್ತಲಾಗಬೇಕು. ಕೆಳಗಿನಿಂದ ಕಾಯಿಸುವ ಹೀಟ್ ಮ್ಯಾಟ್, ವಿದ್ಯುತ್ತಿನಿಂದ ಬಿಸಿಯಾಗುವ ಕಲ್ಲುಗಳನ್ನು ಮನೆಗೇ ತರಬೇಡಿ. ಆಮೆಗೆ ಬಿಸಿ ಎಂದರೆ ಮೇಲಿನಿಂದ ಬರುವ ಸೂರ್ಯ. ಹೊಟ್ಟೆ ಸುಡುತ್ತಿದ್ದರೂ ಎದ್ದು ಹೋಗುವ ಬುದ್ಧಿ ಅದಕ್ಕೆ ಬೇಗ ಹೊಳೆಯುವುದಿಲ್ಲ.

ಉಷ್ಣತೆಯನ್ನು ಗೋಡೆಯ ಮೇಲಲ್ಲ, ಮರಿಯ ಬೆನ್ನಿನ ಎತ್ತರದಲ್ಲಿ ಅಳೆಯಿರಿ. ಅಂಟಿಸುವ ಮುಳ್ಳಿನ ಮಾಪಕಗಳನ್ನು ನಂಬಬೇಡಿ, ಡಿಜಿಟಲ್ ಆದೀತು. ಅದರ ತೇವದ ಅಂಕಿ ಸರಿಯೇ ಎಂದು ನೋಡಲು ಮನೆಯಲ್ಲೇ ಒಂದು ದಾರಿಯಿದೆ. ಬಾಟಲಿ ಮುಚ್ಚಳದಲ್ಲಿ ಅಡಿಗೆ ಉಪ್ಪು ತುಂಬಿ, ಕೆಸರಿನಂತಾಗುವಷ್ಟು ನೀರು ಹಾಕಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಿ. ಶೇ. 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮಾಪಕ ಏಳು ಕಡಿಮೆ ಹೇಳುತ್ತದೆ ಎಂದು ಬರೆದಿಟ್ಟುಕೊಳ್ಳಿ.

ನೀವು ಹಾಕಿರುವ ಬಲ್ಬಿನಿಂದ ಸಿಗುವುದು ಬಿಸಿ, ಬೆಳಕು ಮಾತ್ರ. ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣಕ್ಕೆ ಬೇರೆಯದೇ ದೀಪ ಬೇಕು. ಆ ಕಿರಣ ಚರ್ಮಕ್ಕೆ ಬಿದ್ದರೇನೇ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುವುದು, ಡಿ3 ಇದ್ದರೇನೇ ತಿಂದ ಕ್ಯಾಲ್ಸಿಯಂ ಒಳಗಿಳಿಯುವುದು. ಇಲ್ಲವಾದರೆ ಮೂಳೆಯೂ ಚಿಪ್ಪೂ ಮೆತ್ತಗಾಗಿ ಮರಿ ಕಾಲೂರಲಾರದ ಸ್ಥಿತಿಗೆ ಬರುತ್ತದೆ. ಉದ್ದನೆಯ ಟಿ5 ಯುವಿಬಿ ಟ್ಯೂಬ್ ತನ್ನಿ. ಸುರುಳಿ ಆಕಾರದ ಸಣ್ಣ ಯುವಿ ಬಲ್ಬುಗಳಲ್ಲಿ ಕೆಲವು ಮರಿಗಳ ಕಣ್ಣಿಗೆ ಕುತ್ತು ತಂದಿವೆ. ಟ್ಯೂಬ್ ಪೆಟ್ಟಿಗೆಯ ಒಳಗೇ ಇರಬೇಕು, ಮುಚ್ಚಳದ ಮೇಲಲ್ಲ. ಗಾಜು, ಅಕ್ರಿಲಿಕ್ ಎರಡೂ ಯುವಿಬಿಯನ್ನು ತಡೆಯುತ್ತವೆ, ಸಣ್ಣ ಕಣ್ಣಿನ ಜಾಲರಿಯೂ ಸಾಕಷ್ಟು ತಿಂದುಹಾಕುತ್ತದೆ. ಕಿಟಕಿಯ ಗಾಜಿನೊಳಗಿಂದ ಬೀಳುವ ಬಿಸಿಲು ಲೆಕ್ಕಕ್ಕಿಲ್ಲ ಎನ್ನುವುದೂ ಅದಕ್ಕೇ. ಎಷ್ಟು ಎತ್ತರದಲ್ಲಿ ಕಟ್ಟಬೇಕೆಂದು ತಯಾರಕರ ಪಟ್ಟಿಯಲ್ಲಿರುತ್ತದೆ. ದಿನಕ್ಕೆ 12 ಗಂಟೆ ಸಾಕು, ಟೈಮರ್ ಹಾಕಿಬಿಡಿ. ಬೆಳಕು ಚೆನ್ನಾಗಿಯೇ ಕಂಡರೂ ಯುವಿಬಿ ಕ್ರಮೇಣ ಇಳಿಯುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಬೇಕು.

ನಿಜವಾದ ಬಿಸಿಲಿಗೆ ಸಮ ಯಾವುದೂ ಇಲ್ಲ. ಎಳೆ ಬಿಸಿಲಲ್ಲಿ ಅರ್ಧ ಗಂಟೆ ಹೊರಗಿಡಿ, ಅರ್ಧ ಭಾಗ ನೆರಳಿರಲಿ, ಮೇಲೆ ಗಟ್ಟಿ ಜಾಲರಿ ಇರಲಿ, ನೀವು ಪಕ್ಕದಲ್ಲೇ ಕೂತಿರಿ. ಕಾಗೆ, ಬೆಕ್ಕು, ನಾಯಿಗೆ ಒಂದು ನಿಮಿಷ ಸಾಕು. ಇಷ್ಟು ಪುಟ್ಟ ಮೈ ಬೇಗ ಕಾದುಹೋಗುವುದರಿಂದ ನೆರಳಿಲ್ಲದ ಟಬ್ಬಿನಲ್ಲಿ ಬಿಟ್ಟು ಒಳಗೆ ಹೋಗಲೇಬೇಡಿ.

ಪೆಟ್ಟಿಗೆಯೊಳಗೆ ಅಡಗಲು ಎರಡು ಜಾಗ ಬೇಕು, ಬಿಸಿಯ ಕಡೆ ಒಂದು, ತಂಪಿನ ಕಡೆ ಒಂದು. ನಾನು ಮಣ್ಣಿನ ಹೂಕುಂಡವನ್ನು ಅಡ್ಡ ಮಲಗಿಸಿ ಅರ್ಧ ಹೂಳುತ್ತೇನೆ, ಒಳಗೆ ಒದ್ದೆ ಪಾಚಿ ಅಥವಾ ಕೋಕೋಪೀಟ್. ನನ್ನ ಎರಡನೆಯ ಮರಿ ಮೊದಲ ವರ್ಷದ ರಾತ್ರಿಗಳನ್ನೆಲ್ಲ ಆ ಕುಂಡದಲ್ಲೇ ಕಳೆಯಿತು. ತಿಂದರೂ ತೊಂದರೆಯಿಲ್ಲದ ಗಿಡ ಒಂದೆರಡು ನೆಟ್ಟರೆ ಇನ್ನೂ ಒಳ್ಳೆಯದು. ಬಲ್ಬಿನ ಕೆಳಗೆ ಮಾತ್ರ ಚಪ್ಪಟೆ ಕಲ್ಲು ಬಿಟ್ಟು ಬೇರೇನೂ ಇಡಬೇಡಿ. ಎತ್ತರದ್ದನ್ನು ಹತ್ತಿ ಮಗುಚಿಬಿದ್ದ ಮರಿ ಬಿಸಿಯ ಕೆಳಗೆ ಅಂಗಾತವಾಗಿ ಉಳಿದರೆ ಬದುಕುವುದು ಕಷ್ಟ.

ನೀರಿಗೆ ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ ಸಾಕು. ಅಂಚು ತಗ್ಗಾಗಿರಲಿ, ನೆಲದ ಮಟ್ಟಕ್ಕೆ ಹೂಳಿ. ಅದರಲ್ಲೇ ಹೇತು ಅದನ್ನೇ ಕುಡಿಯುತ್ತದೆ, ದಿನವೂ ತೊಳೆಯಬೇಕು. ಇದಲ್ಲದೆ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಯಲು ಬಿಡಿ. ಮೇಲಿನ ಚಿಪ್ಪು ಕೆಳಗಿನದನ್ನು ಸೇರುವ ಗೆರೆಯವರೆಗೆ ನೀರು ಬಂದರೆ ಸಾಕು, ತಲೆ ಸಲೀಸಾಗಿ ಮೇಲಿರಬೇಕು. ನಿಮ್ಮ ಮರಿ ತಿನ್ನುವುದು ಕಡಿಮೆ ಮಾಡಿದೆ ಎಂದಿರಿ, ಈ ವಾರ ದಿನಕ್ಕೆರಡು ಸಲ ನೆನೆಸಿ. ಒಣಗಿದ ಮರಿಗೆ ಹಸಿವಾಗುವುದಿಲ್ಲ.

ಊಟದ ಬಗ್ಗೆ ನೀವು ಕೇಳಿಲ್ಲ, ಎರಡೇ ಮಾತು: ಹುಲ್ಲು, ಕಳೆ ಸೊಪ್ಪು, ದಾಸವಾಳ ಮತ್ತು ಹಿಪ್ಪುನೇರಳೆ ಎಲೆ, ವಾರಕ್ಕೆರಡು ಸಲ ಚಿಟಿಕೆ ಕ್ಯಾಲ್ಸಿಯಂ ಪುಡಿ. ಹಣ್ಣು ಬೇಡ, ನಾಯಿಯ ಆಹಾರ ಬೇಡವೇ ಬೇಡ.

ಒಂಟಿಯಾಗಿ ಬೇಸರವಾದೀತೆಂದು ಇನ್ನೊಂದು ಮರಿ ತರುವ ಯೋಚನೆ ಇದೆ ಎಂದಿದ್ದೀರಿ. ದಯವಿಟ್ಟು ತರಬೇಡಿ. ಎರಡಿದ್ದರೆ ಒಂದು ಇನ್ನೊಂದನ್ನು ಹೆದರಿಸುತ್ತದೆ. ಕಚ್ಚಾಟ ನಮ್ಮ ಕಣ್ಣಿಗೆ ಬೀಳದಿರಬಹುದು. ಹಿಂದೆ ಹಿಂದೆ ಹೋಗುವುದು, ಊಟದ ಮೇಲೆ ಕೂರುವುದು, ಒತ್ತಿಕೊಂಡು ಮಲಗುವುದು, ಇವನ್ನೆಲ್ಲ ನಾವು ಪ್ರೀತಿ ಎಂದುಕೊಳ್ಳುತ್ತೇವೆ, ಸೋತದ್ದು ಬೆಳೆಯುವುದನ್ನೇ ನಿಲ್ಲಿಸಿರುತ್ತದೆ. ನನ್ನ ಎರಡನ್ನೂ ಮೊದಲ ದಿನದಿಂದಲೇ ಬೇರೆ ಬೇರೆ ಇಟ್ಟಿದ್ದೇನೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮರಿಯನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿ. ಆರೋಗ್ಯವಾಗಿರುವ ಆಮೆಯ ಮೈಮೇಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮರಿಯನ್ನು ನೆನೆಸುವ ಟಬ್ಬನ್ನು ಅಡಿಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ನನಗೆ ಯಾರೂ ಹೇಳಿರಲಿಲ್ಲ. ಅಂಗೈಯಲ್ಲಿ ಕೂರುವ ಈ ಮರಿ ದೊಡ್ಡದಾದಾಗ ಎರಡಡಿಗೂ ಹೆಚ್ಚು ಉದ್ದ, 40-50 ಕಿಲೋ ತೂಕ ಆಗಬಹುದು, ನಿಮ್ಮ ಮುಂದಿನ ತಲೆಮಾರಿನವರೆಗೂ ಬದುಕಬಹುದು. ಆಗ ಅದಕ್ಕೆ ಬೇಕಾಗುವುದು ಅಂಗಳ. ಜೊತೆಗೆ ಮರಿಯ ಕಾಗದಪತ್ರ ನೋಡಿಕೊಳ್ಳಿ. ಸುಲ್ಕಾಟಾ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ, ಕಾಡಿನಿಂದ ಹಿಡಿದವುಗಳ ವ್ಯಾಪಾರಿ ರಫ್ತಿಗೆ 2000ದಿಂದ ಕೋಟಾ ಸೊನ್ನೆ. ಸಾಕಣೆಯಲ್ಲಿ ಹುಟ್ಟಿದ್ದು ಎಂಬ ದಾಖಲೆ ನಿಮ್ಮ ಕೈಯಲ್ಲಿರಬೇಕು.

ಪೆಟ್ಟಿಗೆ ಸಿದ್ಧವಾದ ಮೇಲೆ ಮರಿಯನ್ನು ತಕ್ಷಣ ಬಿಡಬೇಡಿ. ಎರಡು ಹಗಲು ಎರಡು ರಾತ್ರಿ ಖಾಲಿ ಪೆಟ್ಟಿಗೆಯನ್ನೇ ನಡೆಸಿ, ಬೆಳಗಿನ ಜಾವದ ಅಂಕಿ ಮರೆಯದೆ ನೋಡಿ, ಏರುಪೇರು ಸರಿಮಾಡಿ. ಬಿಟ್ಟ ಮೇಲೆ ಅದು ಮಣ್ಣಿನೊಳಗೆ ಹೋಗಿ ದಿನಗಟ್ಟಲೆ ಕಾಣಿಸಿಕೊಳ್ಳದಿರಬಹುದು. ಹೆದರಬೇಡಿ, ಆಟಕ್ಕೆಂದು ಅಗೆದು ತೆಗೆಯಲೂ ಬೇಡಿ. ನೆನೆಸುವ ಹೊತ್ತಿಗೆ ಮಾತ್ರ ಎತ್ತಿಕೊಳ್ಳಿ, ವಾರಕ್ಕೊಮ್ಮೆ ಅದೇ ಹೊತ್ತಿನಲ್ಲಿ ತೂಗಿ ಬರೆದಿಡಿ. 45 ಗ್ರಾಂ ನಿಧಾನವಾಗಿ ಏರುತ್ತಿದ್ದರೆ ಮನೆ ಒಗ್ಗಿದೆ ಎಂದರ್ಥ. ಎರಡು ವಾರ ಸತತವಾಗಿ ಇಳಿದರೆ, ಕಣ್ಣು ತೆರೆಯದಿದ್ದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಪೆಟ್ಟಿಗೆಯಲ್ಲಿ ಏನು ತಪ್ಪಾಯಿತೆಂದು ಹುಡುಕುತ್ತ ಕೂರದೆ ಅದೇ ದಿನ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಹೊರಡಿ. ದಾರಿಯುದ್ದಕ್ಕೂ ಮರಿ ಬೆಚ್ಚಗಿರಲಿ, ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿರಲಿ.