ನಿಮ್ಮ ಲೇಖನ ನಾಲ್ಕನೇ ಪುಟದಲ್ಲಿ ಶುರುವಾಗುತ್ತದೆ

ಮುಂಡರಗಿಯ ಗೆಳೆಯರೇ, ನಮಸ್ಕಾರ.

ಕಲ್ಲಿದ್ದಲು ಬಿಟ್ಟು ಸೂರ್ಯ, ಗಾಳಿಯ ಕರೆಂಟಿಗೆ ದೇಶ ಹೇಗೆ ಹೊರಳಬಹುದು ಎಂದು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ. ಸುಮ್ನೆ ವಾಪಸ್ ಕಳಿಸುವಂಥ ಬರಹವೂ ಅದಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ಬರೀ ಅಂಕಿಗಳು. ಅವನ್ನು ಧಾರವಾಡದಲ್ಲಿ ಕೂತು ನಾನೂ ಬರೆಯಬಹುದಿತ್ತು. ನಾಲ್ಕನೇ ಪುಟದ ನಡುವೆ ಎರಡು ಸಾಲು ಇವೆ: "ರಾತ್ರಿ ಥ್ರೀ ಫೇಸ್ (ಬೋರಿನ ಮೋಟರ್ ಓಡಿಸುವ ಕರೆಂಟ್) ಬರುವವರೆಗೆ ಅಪ್ಪ ಬೋರಿನ ಹತ್ತಿರವೇ ಮಲಗುತ್ತಿದ್ದರು. ಗುಡ್ಡದ ಮೇಲೆ ಗಾಳಿ ಫ್ಯಾನುಗಳ ಕೆಂಪು ದೀಪ ಕಾಣುತ್ತಿದ್ದವು." ನಾನು ಅಲ್ಲಿ ನಿಂತುಬಿಟ್ಟೆ. ಕಣ್ಣೆದುರಿನ ಗುಡ್ಡದಲ್ಲೇ ಕರೆಂಟ್ ಹುಟ್ಟುತ್ತಿದೆ. ಕೆಳಗಿನ ಹೊಲಕ್ಕೆ ಅದು ಯಾಕೆ ಇಳಿಯುವುದಿಲ್ಲ? ಈ ಪ್ರಶ್ನೆ ನಿಮ್ಮ ಮನೆಯದು. ಅದನ್ನು ಕೇಳದೆ ಮುಂದಿನ ಪ್ಯಾರಾದಲ್ಲೇ ನೀವು ಮತ್ತೆ ದೆಹಲಿಗೆ ಹೋಗಿದ್ದೀರಿ.

ಈಗ ತಪ್ಪುಗಳ ಮಾತು. "ದೇಶದ ಅರ್ಧ ಕರೆಂಟ್ ಈಗ ಸೂರ್ಯ, ಗಾಳಿಯಿಂದಲೇ ಬರುತ್ತಿದೆ" ಎಂದಿದ್ದೀರಿ. ಹಾಗಲ್ಲ. 2025ರ ಜೂನ್ ಹೊತ್ತಿಗೆ ಅರ್ಧ ಮುಟ್ಟಿದ್ದು ಕಲ್ಲಿದ್ದಲು, ಗ್ಯಾಸ್‌ನಂಥವು ಬಿಟ್ಟು ಉಳಿದವುಗಳ ಸ್ಥಾಪಿತ ಸಾಮರ್ಥ್ಯ, ಅಂದರೆ ಪೂರ್ತಿ ಓಡಿದರೆ ಎಷ್ಟು ಕರೆಂಟ್ ಕೊಡಬಲ್ಲವು ಎಂಬ ಲೆಕ್ಕ. ಅದರಲ್ಲಿ ದೊಡ್ಡ ಅಣೆಕಟ್ಟುಗಳ ಕರೆಂಟ್, ಅಣು ವಿದ್ಯುತ್ ಕೂಡ ಸೇರಿವೆ. ಊರಲ್ಲಿ ಎಷ್ಟು ಟ್ರ್ಯಾಕ್ಟರ್ ಇವೆ ಎನ್ನುವುದು ಒಂದು ಲೆಕ್ಕ, ಎಷ್ಟು ಎಕರೆ ಹರಗಿದರು ಎನ್ನುವುದು ಬೇರೆ ಲೆಕ್ಕ, ಅಲ್ವಾ? ಸೋಲಾರ್ ಹೊತ್ತು ಮುಳುಗಿದ ಮೇಲೆ ಕೆಲಸ ಮಾಡುವುದಿಲ್ಲ. ಕಲ್ಲಿದ್ದಲು ಸ್ಥಾವರ ರಾತ್ರಿಯೂ ಓಡುತ್ತದೆ. ಅದಕ್ಕೇ ಯೂನಿಟ್ ಲೆಕ್ಕ ಹಾಕಿದರೆ ನೂರಕ್ಕೆ ಹೆಚ್ಚುಕಡಿಮೆ 70 ಇನ್ನೂ ಕಲ್ಲಿದ್ದಲಿನದೇ. 2024–25ರಲ್ಲಿ ದೇಶ ಮೊದಲ ಸಲ ವರ್ಷಕ್ಕೆ 100 ಕೋಟಿ ಟನ್‌ಗಿಂತ ಜಾಸ್ತಿ ಕಲ್ಲಿದ್ದಲು ತೆಗೆದಿದೆ. ಸೋಲಾರ್ ಬೆಳೆದದ್ದೂ ನಿಜ, ಇದೂ ನಿಜ. ಓದುಗರಿಗೆ ಎರಡನ್ನೂ ಹೇಳಿ.

ಗಾಳಿಯಿಂದ 1,164 ಗಿಗಾವಾಟ್ ಸಾಧ್ಯ ಎಂದು ಬರೆದಿದ್ದೀರಿ. ಅದು ಫ್ಯಾನು 150 ಮೀಟರ್ ಎತ್ತರದಲ್ಲಿದ್ದರೆ ಎಂಬ ಅಂದಾಜು. 120 ಮೀಟರಿಗೆ ಲೆಕ್ಕ ಹಾಕಿದಾಗ ಬಂದದ್ದು 695. ಎತ್ತರ ಹೇಳದೆ ಅಂಕಿ ಕೊಟ್ಟರೆ ಓದುವವರು ಏನು ತಿಳಿಯಬೇಕು? ಜಾಗ, ಲೈನ್, ಹಣ ಎಲ್ಲ ಕೂಡಿ ಬಂದ ಮೇಲೆ ಅದರಲ್ಲಿ ಒಂದು ಪಾಲು ಕರೆಂಟ್ ಆಗುತ್ತದೆ.

ಗದಗ ಸ್ಟೇಷನ್ನಿನಲ್ಲಿ ನೋಡಿದ ಕಲ್ಲಿದ್ದಲು ಗಾಡಿಯ ಚಿತ್ರ ಚೆನ್ನಾಗಿದೆ. ಸೋಲಾರ್ ಬಂದರೆ ಆ ಗಾಡಿಗಳು ನಿಲ್ಲುತ್ತವೆ ಎಂದಿದ್ದೀರಿ. ಆದರೆ ಗೋವಾ ಬಂದರಿನಿಂದ ಹುಬ್ಬಳ್ಳಿ ದಾಟಿ ಹೋಗುವ ಆ ಗಾಡಿಗಳ ಕಲ್ಲಿದ್ದಲಿನಲ್ಲಿ ಬಹಳಷ್ಟು ಬಳ್ಳಾರಿ ಕಡೆ ಉಕ್ಕು ಮಾಡುವುದಕ್ಕೆ ಬೇಕಾದದ್ದು. ಸೋಲಾರ್ ಹಲಗೆ ಹಾಕಿದರೆ ಅದು ನಿಲ್ಲುವುದಿಲ್ಲ. ಆ ಸಾಲು ತಿದ್ದಿ.

ಇನ್ನು ನೀವು ಬರೆಯಲೇಬೇಕಾದದ್ದು. ಆಷಾಢದಲ್ಲಿ ನಿಮ್ಮ ಆ ಗುಡ್ಡದ, ಅಂದರೆ ಕಪ್ಪತಗುಡ್ಡದ ಗಾಳಿ ಹೇಗೆ ಬೀಸುತ್ತದೆ ಎಂದು ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಯಾನುಗಳಿಗೆ ಸುಗ್ಗಿ. ಆಗ ಮೋಡ ಕವಿದು ಸೋಲಾರ್ ಸೊರಗುತ್ತದೆ. ಬೋರಿನ ನೀರು ಜಾಸ್ತಿ ಬೇಕಾಗುವ ಬೇಸಿಗೆಯಲ್ಲಿ ಗಾಳಿ ಕಡಿಮೆ, ಬಿಸಿಲು ಜಾಸ್ತಿ. ಒಂದು ಸೋತಾಗ ಇನ್ನೊಂದು ಎತ್ತಿಕೊಳ್ಳುತ್ತದೆ. ಆದರೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಲ್ಲಿದ್ದಲು ಯಾಕೆ ಬೇಕಾಗುತ್ತದೆ, ಕರೆಂಟ್ ಕೂಡಿಡುವ ವ್ಯವಸ್ಥೆ ಎಷ್ಟು ಮುಖ್ಯ, ಇದನ್ನು ನಿಮ್ಮ ಹೊಲದಲ್ಲಿ ನಿಂತೇ ವಿವರಿಸಬಹುದು. ದೇಶದ ಕಥೆಯೂ ಅದರಲ್ಲೇ ಬರುತ್ತದೆ.

ಗುಡ್ಡದ ಕರೆಂಟ್ ದೊಡ್ಡ ಲೈನ್ ಹತ್ತಿ ಗ್ರಿಡ್, ಅಂದರೆ ದೇಶದ ಲೈನುಗಳ ಜಾಲ ಸೇರುತ್ತದೆ. ಒಂದಿಷ್ಟನ್ನು ದೂರದ ಕಾರ್ಖಾನೆಗಳು ನೇರವಾಗಿ ಕೊಂಡಿರುತ್ತವೆ. ನಿಮ್ಮ ಹೊಲದ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಬರುವುದು ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನ್, ಅದರ ಸರದಿಯ ಪ್ರಕಾರ. ಪಂಪ್‌ಸೆಟ್ಟಿಗೆ ಥ್ರೀ ಫೇಸ್ ದಿನಕ್ಕೆ 7 ತಾಸು ಎಂಬುದು ನಿಯಮ. ಆ ತಾಸುಗಳು ರಾತ್ರಿಗೆ ಬಿದ್ದರೆ ರೈತ ರಾತ್ರಿಯೇ ಎದ್ದು ಹೋಗಬೇಕು. ರೈತರ ಸೋಲಾರಿಗೆಂದು ಕೇಂದ್ರ ಮಾಡಿದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಹಾಕಿ, ಪಂಪ್‌ಸೆಟ್ ಫೀಡರಿಗೆ ಹಗಲಲ್ಲೇ ಥ್ರೀ ಫೇಸ್ ಕೊಡುವ ಕೆಲಸ ನಡೆದಿದೆ. ನಿಮ್ಮ ಕಡೆ ಅದು ಬಂದಿದೆಯಾ? ಲೈನ್‌ಮನ್‌ನ ಕೇಳಿ. ಅಪ್ಪನನ್ನೂ ಕೇಳಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಕುರಿ ಕಾಯುವವರು, ಔಷಧಿ ಗಿಡ ಬಲ್ಲವರು ಈ ಫ್ಯಾನುಗಳ ಬಗ್ಗೆ ಏನು ಹೇಳುತ್ತಾರೆ? ಅವರ ಒಂದು ಮಾತೂ ಲೇಖನದಲ್ಲಿಲ್ಲ. ನನಗೆ ತುಂಬಾ ಕೊರತೆ ಅನಿಸಿದ್ದು ಅದೇ.

ಹೊಸದಾಗಿ ಬರೆಯಿರಿ. ಬೋರಿನ ಹತ್ತಿರ ಹಾಸಿದ ಕಂಬಳಿಯಿಂದ ಶುರು ಮಾಡಿ. ಅಪ್ಪ ಆ ಹೊತ್ತಿನಲ್ಲಿ ಏನು ಮಾತಾಡುತ್ತಿದ್ದರು, ಹಾವಿನ ಭಯ ಇತ್ತಾ, ಮೋಟರ್ ಶುರುವಾದಾಗ ಮೊದಲು ಏನು ಕೇಳಿಸುತ್ತಿತ್ತು, ಎಲ್ಲ ಬರಲಿ. ಸಾವಿರ ಪದದೊಳಗೆ ಇದ್ದರೆ ಸಾಕು. ಧಾರವಾಡದ ಕಡೆ ಬಂದಾಗ ಕಚೇರಿಗೆ ಬನ್ನಿ, ಅಂಕಿಗಳನ್ನು ಇಬ್ಬರೂ ಕೂತು ನೋಡೋಣ.