ಲಾರಿಯ ಏರ್ ಬ್ರೇಕನ್ನು ಕಂಪ್ಯೂಟರ್ ಕಾಯಬಲ್ಲದೇ?

ಹಾಸನದಿಂದ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಎರಡು ಹತ್ತು ಚಕ್ರದ ಲಾರಿಗಳನ್ನು ಓಡಿಸುತ್ತಿರುವ ತಾವು, ಏರ್ ಬ್ರೇಕಿನ ಒತ್ತಡವನ್ನು ಮೊಬೈಲಿನಲ್ಲಿ ತೋರಿಸುವ ಉಪಕರಣವನ್ನು ಹಾಕಿಸಿದರೆ ಬ್ರೇಕ್ ಫೇಲ್ ಆಗುವುದು ಮೊದಲೇ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ಹಾಸನದಲ್ಲಿ ಭಾರಿ ವಾಹನಗಳ ಬ್ರೇಕ್ ಮತ್ತು ವೈರಿಂಗ್ ಕೆಲಸ ಮಾಡುತ್ತಿರುವ ನನ್ನ ಅಭಿಪ್ರಾಯದಲ್ಲಿ ಅದನ್ನು ಖಂಡಿತ ಹಾಕಿಸಬೇಕು. ಆದರೆ ಅದು ಅಳೆಯುವುದು ಟ್ಯಾಂಕಿನಲ್ಲಿರುವ ಗಾಳಿಯನ್ನು ಮಾತ್ರ. ಚಕ್ರದ ಬಳಿ ಬ್ರೇಕ್ ಎಷ್ಟು ಹಿಡಿಯುತ್ತಿದೆ ಎಂಬುದು ಅದಕ್ಕೆ ಕಾಣುವುದಿಲ್ಲ.

ಕಳೆದ ಮಳೆಗಾಲದಲ್ಲಿ ಕಾಫಿ ಮೂಟೆ ಹೇರಿದ್ದ ಲಾರಿಯೊಂದನ್ನು, ಬ್ರೇಕ್ ಮೊದಲಿನಂತೆ ಹಿಡಿಯುತ್ತಿಲ್ಲವೆಂದು ಚಾಲಕರು ನಮ್ಮ ಶೆಡ್ಡಿಗೆ ತಂದರು. ಮಾಲೀಕರ ಮೊಬೈಲಿನಲ್ಲಿ, ಬ್ರೇಕಿಗೆ ಗಾಳಿ ಒಯ್ಯುವ ಬೇರೆ ಬೇರೆ ದಾರಿಗಳಾದ ಎರಡೂ ಸರ್ಕ್ಯೂಟ್‌ಗಳು 8 ಬಾರ್ ಒತ್ತಡ ತೋರಿಸುತ್ತಿದ್ದವು. ನಾನು ಹಿಂದಿನ ಆಕ್ಸಲ್ಲಿನ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿದು ನೋಡಿದಾಗ ಎಡಗಡೆಯದು ಕಾವಾಗಿತ್ತು, ಬಲಗಡೆಯದು ತಣ್ಣಗಿತ್ತು, ಅಂದರೆ ಅಲ್ಲಿ ಬ್ರೇಕ್ ಹಿಡಿಯುತ್ತಿರಲಿಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಎಂಜಿನ್ ಆರಿಸಿ, ಬಲಗಡೆಯ ಪುಶ್ ರಾಡ್ (ಗಾಳಿಯ ಒತ್ತಡದಿಂದ ಮುಂದೆ ಬಂದು ಬ್ರೇಕ್ ಹಿಡಿಸುವ ಸರಳು) ಚೇಂಬರಿನಿಂದ, ಅಂದರೆ ಗಾಳಿ ತುಂಬುವ ಡಬ್ಬಿಯಿಂದ, ಹೊರಬರುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದೆ. ಟ್ಯಾಂಕಿನಲ್ಲಿ ಆರೂವರೆ ಬಾರ್ ಇರುವಾಗ ಚಾಲಕರಿಂದ ಬ್ರೇಕನ್ನು ಪೂರ್ತಿ ಒತ್ತಿಸಿ ಅಳೆದರೆ, ಗೆರೆ 2.25 ಅಂಗುಲ ಮುಂದೆ ಬಂದಿತ್ತು. ಆ ಲಾರಿಯಲ್ಲಿದ್ದದ್ದು ಲಾಂಗ್ ಸ್ಟ್ರೋಕ್ (ರಾಡು ಹೆಚ್ಚು ದೂರ ಓಡುವ ಬಗೆ) ಅಲ್ಲದ, ಸಾಮಾನ್ಯ 30ರ ಚೇಂಬರ್. ಅದರಲ್ಲಿ ರಾಡು ಹೊರಬರಬಹುದಾದ ಮಿತಿ 2 ಅಂಗುಲ. 30 ಎಂಬುದು ಒಳಗಿನ ಡಯಾಫ್ರಾಮಿನ (ಗಾಳಿ ತಳ್ಳುವ ರಬ್ಬರ್ ಪೊರೆಯ) ಪರಿಣಾಮಕಾರಿ ವಿಸ್ತೀರ್ಣ, ಚದರ ಅಂಗುಲಗಳಲ್ಲಿ. 100 ಪಿಎಸ್‌ಐ (ಸುಮಾರು 6.9 ಬಾರ್) ಗಾಳಿ ಬಂದರೆ ಆ ರಾಡು ಸುಮಾರು 1360 ಕಿಲೋ ಭಾರದಷ್ಟು ಬಲದಿಂದ ತಳ್ಳಬೇಕು. ಆದರೆ ರಾಡು ತನ್ನ ಓಟದ ಕೊನೆಗೆ ಬಂದಂತೆ ಆ ಬಲ ಬೇಗ ಕುಸಿಯುತ್ತದೆ. ಗಾಳಿ ತುಂಬಿದ್ದೂ ಆ ಚಕ್ರದಲ್ಲಿ ಬ್ರೇಕ್ ಇಲ್ಲದಂತಾಗಿತ್ತು, ಮತ್ತು ಕಂಪ್ಯೂಟರ್ ಹೇಳುತ್ತಿದ್ದುದೂ ಸುಳ್ಳಾಗಿರಲಿಲ್ಲ.

ಶಿರಾಡಿಯಲ್ಲಿ ಇದು ಇನ್ನೂ ಅಪಾಯಕಾರಿ. ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಗುಂಡ್ಯದ ಕಡೆಗೆ ಲೋಡಿನೊಂದಿಗೆ ಇಳಿಯುವಾಗ ಬ್ರೇಕನ್ನೇ ನಂಬಿ ಒತ್ತುತ್ತಾ ಹೋದರೆ ಡ್ರಮ್ ಕಾದು ಹಿಗ್ಗುತ್ತದೆ, ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಅದನ್ನು ಮುಟ್ಟಲು ಪುಶ್ ರಾಡ್ ಇನ್ನಷ್ಟು ದೂರ ಬರಬೇಕಾಗುತ್ತದೆ. ಶೆಡ್ಡಿನಲ್ಲಿ ತಣ್ಣಗಿದ್ದಾಗ ಮಿತಿಯ ಅಂಚಿನಲ್ಲಿದ್ದ ರಾಡು ಘಾಟಿಯ ಅರ್ಧಕ್ಕೆ ಮಿತಿ ದಾಟಿರುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಗ್ಸಾಸ್ಟ್ ಬ್ರೇಕ್ ಬಳಸಬೇಕೆಂದು ನಿಮ್ಮ ಚಾಲಕರಿಗೆ ಹೇಳಿ.

ಹಾಗಾದರೆ ಉಪಕರಣದಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಗಾಳಿ ಸೋರುವಿಕೆ ಮತ್ತು ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರಿನ ದಣಿವನ್ನು ಅದು ಮನುಷ್ಯನಿಗಿಂತ ಚೆನ್ನಾಗಿ ಹಿಡಿಯುತ್ತದೆ. ಹಾಗೆ ಹಿಡಿಯಬೇಕಾದರೆ ಅದು ಈ ಕ್ಷಣದ ಒತ್ತಡವನ್ನು ತೋರಿಸಿದರೆ ಸಾಲದು, ಒತ್ತಡ ಎಷ್ಟು ಬೇಗ ಇಳಿಯುತ್ತಿದೆ, ಎಷ್ಟು ಬೇಗ ಏರುತ್ತಿದೆ ಎಂಬುದನ್ನು ದಿನದಿನವೂ ಹೋಲಿಸಿ ನೋಡಬೇಕು. ಎಂಜಿನ್ ಆರಿಸಿ ಬ್ರೇಕ್ ಒತ್ತಿ ಹಿಡಿದಾಗ ಟ್ರೇಲರ್ ಇಲ್ಲದ ಒಂಟಿ ಲಾರಿಯಲ್ಲಿ ನಿಮಿಷಕ್ಕೆ 3 ಪಿಎಸ್‌ಐ, ಅಂದರೆ ಸುಮಾರು 0.2 ಬಾರ್‌ಗಿಂತ ಹೆಚ್ಚು ಇಳಿಯಬಾರದೆಂಬುದು ಅಮೆರಿಕದ ಚಾಲಕರ ಪರೀಕ್ಷೆಯ ಅಳತೆ. ನಾನೂ ಅದನ್ನೇ ಅನುಸರಿಸುತ್ತೇನೆ. ಎಂಜಿನ್ನಿನ ಒಂದೇ ವೇಗದಲ್ಲಿ ಟ್ಯಾಂಕ್ ತುಂಬಲು ಹಿಡಿಯುವ ಸಮಯ ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ಎಲ್ಲೋ ಪೈಪು ಸೋರುತ್ತಿದೆ ಇಲ್ಲವೇ ಕಂಪ್ರೆಸರ್ ಸವೆದಿದೆ ಎಂದರ್ಥ.

ಕೊಳ್ಳುವ ಮುನ್ನ ಎರಡು ವಿಷಯಗಳನ್ನು ವಿಚಾರಿಸಿ. 2020ರ ಏಪ್ರಿಲ್ ನಂತರದ ಬಿಎಸ್6 ಲಾರಿಯಾದರೆ, ಅದರ ಕ್ಯಾನ್ ಲೈನಿನಲ್ಲಿ (ಲಾರಿಯ ಕಂಪ್ಯೂಟರುಗಳು ಮಾಹಿತಿ ಹಂಚಿಕೊಳ್ಳುವ ತಂತಿಯಲ್ಲಿ) ಎರಡೂ ಸರ್ಕ್ಯೂಟ್‌ಗಳ ಒತ್ತಡ ಬರುತ್ತಿದೆಯೇ ಎಂದು ನಿಮ್ಮ ವಾಹನದಲ್ಲೇ ತೋರಿಸಲು ಕೇಳಿ. ಆ ತಂತಿಯಲ್ಲಿ ಭಾರಿ ವಾಹನಗಳು ಬಳಸುವ ಜೆ1939 ಎಂಬ ಪದ್ಧತಿಯಲ್ಲಿ ಅವುಗಳ ಸಂಖ್ಯೆ 1087 ಮತ್ತು 1088. ಬರದಿದ್ದರೆ ಅಥವಾ ಲಾರಿ ಹಳೆಯದಾದರೆ, ಪ್ರತಿ ಸರ್ಕ್ಯೂಟಿಗೂ ಬೇರೆ ಸೆನ್ಸರ್ ಹಾಕಿಸಬೇಕು. ಎರಡನೆಯದಾಗಿ, ಘಾಟಿಯೊಳಗೆ ಹಲವು ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಎಚ್ಚರಿಕೆ ನಿಮ್ಮ ಮೊಬೈಲಿಗೆ ಗುಂಡ್ಯ ದಾಟಿದ ಮೇಲೆ ಬಂದರೆ ಏನೂ ಉಪಯೋಗವಿಲ್ಲ. ಕ್ಯಾಬಿನ್ನಿನೊಳಗೇ ಬಜರ್ ಕೂಗಬೇಕು.

ಪುಶ್ ರಾಡಿನ ಅಳತೆಯನ್ನು ಮಾತ್ರ ವಾರಕ್ಕೊಮ್ಮೆ ಕೈಯಿಂದಲೇ ಮಾಡಿಸಿ. ಲೈನರ್ ಸವೆದಂತೆ ರಾಡಿನ ಓಟವನ್ನು ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್ ಆಟೋಮ್ಯಾಟಿಕ್ ಆಗಿದ್ದೂ ಅಳತೆ ಮಿತಿ ದಾಟಿದ್ದರೆ, ಸ್ಪ್ಯಾನರ್ ಹಾಕಿ ಬಿಗಿಮಾಡಿಸಿ ಕಳುಹಿಸಬೇಡಿ. ಆ ಕಾಫಿ ಲಾರಿಯಲ್ಲಿ ಹಾಗೆ ಎರಡು ಬಾರಿ ಬಿಗಿಮಾಡಿದ್ದರಂತೆ. ಬಿಚ್ಚಿ ನೋಡಿದಾಗ ಲೈನರನ್ನು ಡ್ರಮ್ಮಿಗೆ ಒತ್ತುವ ಕ್ಯಾಮ್ ಶಾಫ್ಟಿನ ಬುಷ್ (ಶಾಫ್ಟ್ ಕೂರುವ ಬಳೆ) ಸವೆದು ಶಾಫ್ಟ್ ಕೈಯಲ್ಲೇ ಅಲುಗಾಡುತ್ತಿತ್ತು.